ಹೊಸ ಟಿ.ವಿ.ಯಲ್ಲಿ ಮದುವೆ

ದೋಸೆಯ ತುಂಡನ್ನು ಚಟ್ನಿಗೆ ಅದ್ದುವಾಗ ರಮಾಕಾಂತನ ಕಣ್ಣು ತನ್ನದೇ ಹೆಬ್ಬೆರಳಿನ ಮೇಲೆ ನಿಂತಿತು. ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ಅದನ್ನೇ ನೋಡಿದ. ನಿನ್ನೆ ಸಂಜೆ ರಿಮೋಟಿನ ಗುಂಡಿ ಒತ್ತಿದ್ದು ಈ ಬೆರಳೇ. ಒಂದು ಸಲ ಒತ್ತಿ ಬಿಟ್ಟಿದ್ದರೆ ಕೈತಪ್ಪಿ ಆಯಿತು ಎನ್ನಬಹುದಿತ್ತು. ಅದು ಒತ್ತುತ್ತಲೇ ಹೋಗಿತ್ತು. ಒಲೆಯ ಮುಂದೆ ತ್ರಿಪುರಸುಂದರಿ ಕಾವಲಿಗೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಮುಚ್ಚಳ ಮುಚ್ಚಿ, ಇನ್ನೊಂದು ಹಾಕಲಾ ಎಂದು ಎಂದಿನ ಧ್ವನಿಯಲ್ಲೇ ಕೇಳಿದಳು. ಆ ಎಂದಿನ ಧ್ವನಿಯೇ ಅವನಿಗೆ ಕಷ್ಟವಾಯಿತು. ಸಿಟ್ಟು ಬಂದಿದ್ದರೆ ದೋಸೆಯಲ್ಲಿ ಗೊತ್ತಾಗುತ್ತಿತ್ತು. ದಪ್ಪಗಾಗುತ್ತಿತ್ತು, ಅಂಚು ಸೀಯುತ್ತಿತ್ತು. ಹನ್ನೆರಡು ವರ್ಷದ ಸಂಸಾರದಲ್ಲಿ ಅಷ್ಟನ್ನು ಓದಲು ಅವನು ಕಲಿತಿದ್ದ. ಇವತ್ತಿನ ದೋಸೆ ತೆಳ್ಳಗೆ, ತೂತು ತೂತಾಗಿ, ತಪ್ಪು ಹುಡುಕಲು ಜಾಗವಿಲ್ಲದಂತೆ ಎದ್ದು ಬಂದಿತ್ತು. ಬೇಡವೆಂದರೆ ಏನಾದರೂ ಅಂದುಕೊಂಡಾಳು ಎಂದು ಇನ್ನೊಂದು ಹಾಕಿಸಿಕೊಂಡ. ಹೊಟ್ಟೆ ತುಂಬಿತ್ತು.

ಅವಳು ಗಮನಿಸಿರಲಿಕ್ಕಿಲ್ಲ ಎಂದುಕೊಳ್ಳಲು ಎದ್ದಾಗಿನಿಂದ ಪ್ರಯತ್ನಿಸುತ್ತಿದ್ದ. ಆದರೆ ಗಮನಿಸದೆ ಇರುವುದು ಹೇಗೆ? ಮೂವತ್ತೆರಡು ಇಂಚಿನ ಪರದೆಯ ಕೆಳಗೆ ಹಸಿರು ಪಟ್ಟಿಯೊಂದು ಎಲ್ಲರ ಕಣ್ಣೆದುರೇ ಉದ್ದವಾಗುತ್ತ ಹೋಗಿತ್ತಲ್ಲ. ಚಿಕ್ಕಮಗಳೂರಿನಿಂದ ಅವನ ಚಿಕ್ಕಮ್ಮ ವಿಶಾಲಾಕ್ಷಮ್ಮ, ಅವಳ ಮಗ ಪ್ರಸಾದ, ಪ್ರಸಾದನ ಹೊಸ ಹೆಂಡತಿ ಹೊರನಾಡಿಗೆ ಹೋದವರು ಹಿಂದಿರುಗುವಾಗ ಕಳಸದಲ್ಲಿ ಇವರ ಮನೆಗೆ ಬಂದಿದ್ದರು. ಗೋಡೆಯ ಮೇಲಿನ ಹೊಸ ಟಿ.ವಿ.ಯನ್ನು ಚಿಕ್ಕಮ್ಮ ಕ್ಯಾಲೆಂಡರಿನಷ್ಟು ತೆಳ್ಳಗಿದೆ ಎಂದು ಹೊಗಳಿದ್ದಳು. ಅದಕ್ಕೆ ಮೊದಲು ಆ ಜಾಗದಲ್ಲಿದ್ದದ್ದು, ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಹೋದವರೊಬ್ಬರು ಕೊಟ್ಟಿದ್ದ ಡಬ್ಬದಂಥ ಟಿ.ವಿ. ಅದರಲ್ಲಿ ಮಂತ್ರಿಗಳೂ ನಟಿಯರೂ ಕ್ರಿಕೆಟ್ಟಿನ ಮೈದಾನವೂ ಒಂದೇ ಬೂದಿ ಬಣ್ಣಕ್ಕಿದ್ದವು. ಪ್ರಸಾದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸದಲ್ಲಿದ್ದ. ಅಲ್ಲಿ ಬೀಜದ ಬಣ್ಣ ನೋಡಿ ನೋಡಿ ಬಣ್ಣದ ವಿಷಯದಲ್ಲಿ ತನ್ನ ಮಾತೇ ಕಡೆಯದು ಎಂಬ ನಂಬಿಕೆ ಅವನಿಗೆ ಬಂದಿತ್ತು. ಅಣ್ಣ ಇನ್ನೂ ಅಂಗಡಿಯ ಸೆಟ್ಟಿಂಗಿನಲ್ಲೇ ಇಟ್ಟುಕೊಂಡಿದ್ದಾನೆ, ಅಂಗಡಿಯವರು ಟ್ಯೂಬ್‌ಲೈಟಿನ ಕೆಳಗೆ ಎದ್ದು ಕಾಣಲಿ ಎಂದು ಕಣ್ಣಿಗೆ ಹೊಡೆಯುವ ಹಾಗೆ ಇಟ್ಟಿರುತ್ತಾರೆ, ಮನೆಯಲ್ಲಿ ಅದನ್ನು ಇಳಿಸಬೇಕು ಎಂದು ಹೇಳಿ ರಿಮೋಟ್ ಇಸಿದುಕೊಂಡ. ವಿವಿಡ್ ಎಂದರೇನು, ಸ್ಟ್ಯಾಂಡರ್ಡ್ ಎಂದರೇನು, ಬ್ರೈಟ್‌ನೆಸ್ಸಿಗೂ ಕಾಂಟ್ರಾಸ್ಟಿಗೂ ಏನು ವ್ಯತ್ಯಾಸ ಎಂದು ಒಂದೊಂದನ್ನೇ ತೆರೆದು ತೋರಿಸಿದ. ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಕಿನ ಪಾಠ ಮಾಡುವ ರಮಾಕಾಂತ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ಅಷ್ಟರಲ್ಲಿ ಚಿಕ್ಕಮ್ಮನಿಗೆ ಮದುವೆಯ ಸಿ.ಡಿ.ಯ ನೆನಪು ಬಂತು. ಹಳೆಯ ಕ್ಯಾಸೆಟ್ಟನ್ನು ಚಿಕ್ಕಮಗಳೂರಿನಲ್ಲಿ ಸಿ.ಡಿ. ಮಾಡಿಸಿಕೊಟ್ಟವನು ಪ್ರಸಾದನೇ. ಈಗ ಇರುವವರು, ಇಲ್ಲದವರು ಎಲ್ಲ ಅದರಲ್ಲಿ ಇದ್ದಾರೆ, ಹೊಸ ಸೊಸೆಗೆ ನಮ್ಮ ಕಡೆಯವರ ಗುರುತಾಗಲಿ, ಹಾಕು ಎಂದಳು. ರಿಮೋಟ್ ರಮಾಕಾಂತನ ಕೈಗೆ ಮರಳಿತು. ಪರದೆಯ ಕೆಳಗೆ ಬ್ರೈಟ್‌ನೆಸ್ಸಿನ ಪಟ್ಟಿ ತೆರೆದೇ ಇತ್ತು.

ಅಂತರಪಟ ಸರಿಯುವ ತನಕ ಎಲ್ಲ ಚೆನ್ನಾಗಿತ್ತು. ಸತ್ತುಹೋದ ಮಾವ ಎಲೆಯಡಿಕೆ ಮೆಲ್ಲುತ್ತಿದ್ದರು, ಅಮ್ಮ ಯಾರನ್ನೋ ಗದರಿಸುತ್ತಿದ್ದಳು. ಆಮೇಲೆ ಪುರೋಹಿತರ ಕೈಯ ಬಿಳಿ ಬಟ್ಟೆ ಕೆಳಗಿಳಿದು ತ್ರಿಪುರಸುಂದರಿಯ ಮುಖ ಬಂತು, ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ. ಹಳೆಯ ಟಿ.ವಿ.ಯಲ್ಲಿ ಅವನು ಇದನ್ನು ಕಂಡೇ ಇರಲಿಲ್ಲ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ದೀಪದ ಬಿಳುಪು. ಕೆನ್ನೆಗೆ ಯಾರೋ ಒತ್ತಿ ಹಚ್ಚಿದ ಪೌಡರು ದವಡೆಯ ಗೆರೆಗೆ ಬಂದು ಸಟ್ಟನೆ ನಿಂತು, ಅದರ ಕೆಳಗೆ ಕತ್ತಿನ ನಿಜವಾದ ಕಪ್ಪು. ಪಕ್ಕದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಅವನು. ಹೊಸ ಸೊಸೆ ನೋಡುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತೋ, ಚಿಕ್ಕಮ್ಮ ಏನಾದರೂ ಅನ್ನುವ ಮೊದಲೇ ಎಂದು ಅನ್ನಿಸಿತೋ, ಏನೂ ಅನ್ನಿಸಲೇ ಇಲ್ಲವೋ. ಬೆರಳು ಒತ್ತಿತು. ಪಟ್ಟಿ ಬೆಳೆಯಿತು. ಮುಖ ತಿಳಿಯಾಯಿತು, ಮಂಕಾಯಿತು, ಕಡೆಗೆ ಹಾಲಿಗೆ ನೀರು ಬೆರೆಸಿದಂಥ ಒಂದು ಬಣ್ಣಕ್ಕೆ ಬಂದು ನಿಂತಿತು. “ಹಾಂ, ಈಗ ಸರಿ ಬಂತು ನೋಡು,” ಎಂದಳು ಚಿಕ್ಕಮ್ಮ, ನಿಜವಾದ ಸಂತೋಷದಿಂದ. ಹೊಸ ಸೊಸೆ ತನ್ನ ಕಾಲುಂಗುರ ನೋಡಿಕೊಂಡಳು. ಚಾಪೆಯ ಮೇಲೆ ಕೂತಿದ್ದ ಮಗಳು ಪಂಚಮಿ ಒಮ್ಮೆ ಪಟ್ಟಿಯನ್ನೂ ಒಮ್ಮೆ ಅಪ್ಪನ ಕೈಯನ್ನೂ ನೋಡಿದಳು. ಕಾಫಿ ತರುತ್ತೇನೆಂದು ತ್ರಿಪುರಸುಂದರಿ ಎದ್ದು ಹೋದಳು. ಎಲ್ಲರೂ ಆಗಲೇ ಕಾಫಿ ಕುಡಿದಾಗಿತ್ತು.

ಅವನ ಮನೆಯಲ್ಲಿ ಅವಳನ್ನು ತ್ರಿಪುರಾ ಎಂದು ಕರೆಯುತ್ತಿದ್ದರು, ತವರಿನಲ್ಲಿ ಸುಂದರಿ. ಮದುವೆಯಾಗಿ ಬಂದ ವಾರದಲ್ಲೇ ಅಮ್ಮ ಆ ಉದ್ದ ಹೆಸರಿನ ಹಿಂಭಾಗವನ್ನು ಬಿಟ್ಟು ಮುಂಭಾಗವನ್ನು ಇಟ್ಟುಕೊಂಡಿದ್ದಳು. ಕರೆಯಲು ಸುಲಭವೆಂದು ಇರಬೇಕು ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ತಾನೂ ಹಾಗೇ ಕರೆದಿದ್ದ. ದೋಸೆ ತಿಂದು ಕೈತೊಳೆಯುತ್ತ, ಆ ಬಿಟ್ಟ ಭಾಗ ಯಾವುದೆಂದು ಅವನಿಗೆ ಇವತ್ತು ಮೊದಲ ಸಲ ಹೊಳೆಯಿತು. ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತ. ಹೆಣ್ಣು ನೋಡಲು ಜಯಪುರದ ಕಡೆಯ ಅವಳ ಊರಿಗೆ ಹೋದ ದಿನ ಕೊಟ್ಟಿಗೆಯಿಂದ ಕರು ಬಿಚ್ಚಿಕೊಂಡು ಅಂಗಳಕ್ಕೆ ನುಗ್ಗಿತ್ತು. ತಟ್ಟೆ ಹಿಡಿದು ಬರುತ್ತಿದ್ದ ಹುಡುಗಿ ಅದನ್ನು ಅಲ್ಲೇ ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿ ಓಡಿ, ಕರುವಿನ ಕುತ್ತಿಗೆಗೆ ಜೋತುಬಿದ್ದು ನಿಲ್ಲಿಸಿ, ಏದುಸಿರು ಬಿಡುತ್ತ ಹಿಂದಿರುಗಿ ಏನೂ ಆಗದವಳ ಹಾಗೆ ತಟ್ಟೆ ಎತ್ತಿಕೊಂಡಿದ್ದಳು. ತುಟಿಯ ಮೇಲೆ ಬೆವರಿತ್ತು. ಅವನಿಗೆ ಆ ಕ್ಷಣವೇ ಇವಳು ಬೇಕು ಅನ್ನಿಸಿತ್ತು. ಹಸಿವಾದ ಹಾಗೆ, ಅಷ್ಟು ಸರಳವಾಗಿ. ಹಿಂದಿರುಗುವಾಗ ಜೀಪಿನಲ್ಲಿ ಅಮ್ಮ, ಬಣ್ಣ ಒಂದು ಸ್ವಲ್ಪ ಕಮ್ಮಿ ಅಲ್ಲವೇನೋ ಎಂದಳು. ಅವನು ಪರವಾಗಿಲ್ಲ ಎಂದ. ಇಷ್ಟವಾದಳು ಎನ್ನಬಹುದಿತ್ತು, ಡ್ರೈವರ್ ಇದ್ದ, ಸೋದರಮಾವ ಇದ್ದರು, ನಾಚಿಕೆಯಾಯಿತು. ಆ ಒಂದು ಮಾತನ್ನು ಅಮ್ಮ ತೀರಿಕೊಳ್ಳುವ ತನಕ ಬಂದವರಿಗೆಲ್ಲ ಹೇಳಿದಳು. ನಮ್ಮ ರಮಾಕಾಂತ ದೊಡ್ಡ ಮನಸ್ಸಿನವನು, ಪರವಾಗಿಲ್ಲ ಅಂದುಬಿಟ್ಟ. ತ್ರಿಪುರಸುಂದರಿ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತ ಅದನ್ನು ಕೇಳಿದ್ದಳು. ಕೇಳಿ ಕೇಳಿ ಅವನೂ ತಾನು ದೊಡ್ಡ ಮನಸ್ಸಿನವನೆಂದೇ ನಂಬಿದ್ದನೇನೋ. ಆಸೆಪಟ್ಟು ತಂದದ್ದನ್ನು ದಾನ ಮಾಡಿದ ಲೆಕ್ಕಕ್ಕೆ ಬರೆಸಿಕೊಂಡಿದ್ದ.

ಅವಳು ಕಾಫಿ ಒಣಹಾಕಿದ ಕಣಕ್ಕೆ ಹೋದದ್ದನ್ನು ಕಿಟಕಿಯಲ್ಲಿ ನೋಡಿಕೊಂಡು ಅವನು ಟಿ.ವಿ. ಹಾಕಿದ. ನಿನ್ನೆಯ ಪಟ್ಟಿ ಇದ್ದಲ್ಲೇ ಇತ್ತು. ಅದನ್ನು ಇಳಿಸಬಹುದಿತ್ತು, ಆದರೆ ಎಲ್ಲಿಗೆ? ಮೊದಲು ಎಷ್ಟಿತ್ತೆಂದು ನೋಡಿಟ್ಟಿರಲಿಲ್ಲ. ಮೆನುವಿನ ಕೊನೆಯಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ರೀಸೆಟ್ ಸಿಕ್ಕಿತು. ನಿಜವಾಗಿಯೂ ಮಾಡಬೇಕೇ ಎಂದು ಟಿ.ವಿ. ಒಮ್ಮೆ ಕೇಳಿತು. ಹೌದು ಎಂದ. ಪರದೆ ಕಪ್ಪಾಗಿ, ಮತ್ತೆ ಹೊತ್ತಿಕೊಂಡು, ಅಂಗಡಿಯಲ್ಲಿ ಇದ್ದ ಹಾಗೆ ಕಣ್ಣು ಕುಕ್ಕುವ ಬಣ್ಣಕ್ಕೆ ಹೋಯಿತು. ಯಾವುದೋ ಚಾನೆಲ್ಲಿನ ಹುಲ್ಲುಗಾವಲು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಹಾಗಿತ್ತು. ಸಾಕ್ಷ್ಯ ಅಳಿಸಿದ ಕಳ್ಳನ ಸಮಾಧಾನದಲ್ಲಿ ಅವನು ಕೂತಿರುವಾಗ ಅವಳು ನೀರು ಕುಡಿಯಲು ಒಳಗೆ ಬಂದು, ಒಂದು ಗಳಿಗೆ ನಿಂತು ನೋಡಿ, ಇದೆಂತ ಹಸಿರು ಎಂದಳು. ಅಷ್ಟೇ. ಅವನು ಗಡಿಬಿಡಿಯಲ್ಲಿ ಎದ್ದು, ಕಣಕ್ಕೆ ತಾನೂ ಬರುವುದಾಗಿ ಹೇಳಿದ. ಭಾನುವಾರ ಅವನು ಪೇಪರು ಬಿಟ್ಟು ಏಳುವವನಲ್ಲ. ಎಂತಕ್ಕೆ ಎಂದು ಕೇಳಿದಳು. ಸುಮ್ಮನೆ ಎಂದ.

ಎರಡು ಎಕರೆಯ ಕಾಫಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಅವನು ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ ಗಿಡದ ರೆಂಬೆ ಸವರಿ ಕಸಿ ಮಾಡಿಸುವುದು, ಹಣ್ಣು ಕೊಯ್ಸುವುದು, ಕಣದಲ್ಲಿ ಹರಡುವುದು ಎಲ್ಲ ನಡೆದಿರುತ್ತಿತ್ತು. ಜನವರಿಯ ಬಿಸಿಲು ಸಿಮೆಂಟಿನ ಕಣದ ಮೇಲೆ ಹೊಡೆದು ಹಿಂದಿರುಗಿ ಮುಖಕ್ಕೆ ಬರುತ್ತಿತ್ತು. ಒಣಗುತ್ತಿದ್ದ ಹಣ್ಣುಗಳಲ್ಲಿ ಕೆಂಪು, ಕಂದು, ನೇರಳೆ, ಕಪ್ಪು ಎಲ್ಲ ಬಣ್ಣಗಳೂ ಇದ್ದವು. ಅವಳು ಮರದ ಹಲಗೆಯಿಂದ ಅವನ್ನು ಎಳೆದು ತಿರುವುತ್ತ ಆ ತುದಿಯಿಂದ ಈ ತುದಿಗೆ ಬರುತ್ತಿದ್ದಳು. ಅವನು ಪಕ್ಕದ ಸಾಲನ್ನು ಕಾಲಿನಲ್ಲಿ ಕೆದಕುತ್ತ ಹೋದ. ಅವನ ಸಾಲು ಸೊಟ್ಟವಾಯಿತು. ಅವಳು ಹಿಂದಿನಿಂದ ಬಂದು ಅದನ್ನೂ ಸರಿಮಾಡಿದಳು. ಬಿಸಿಲಿಗೆ ಹೋಗಬೇಡ ಮಾರಾಯ್ತಿ, ಕೆಲಸದವರಿಲ್ಲವಾ ಎಂದು ಪ್ರತಿ ಸಲವೂ ಹೇಳುತ್ತಿದ್ದಳು ಚಿಕ್ಕಮ್ಮ. ಅದರಲ್ಲಿ ಪ್ರೀತಿಯೂ ಇತ್ತು. ಕೆಟ್ಟ ಜನ ಹೇಳಿದ್ದರೆ ತಳ್ಳಿಹಾಕಬಹುದಿತ್ತು ಎಂದು ರಮಾಕಾಂತ ಯೋಚಿಸಿದ. ಅವಳ ಬೆನ್ನು, ಕತ್ತಿನ ಹಿಂದೆ ಅಂಟಿದ ಕೂದಲು, ಬಿಸಿಲಿನಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದ ಮೊಣಕೈ. ಅವನಿಗೆ ಅವಳನ್ನು ಮುಟ್ಟಬೇಕೆನಿಸಿತು. ಹಾಡುಹಗಲಲ್ಲಿ ಕಣದ ಮಧ್ಯೆ ನಿಂತು ಹೀಗೆ ಅನ್ನಿಸುವುದಕ್ಕೆ ಈ ವಯಸ್ಸಿನಲ್ಲಿ ಏನೆನ್ನಬೇಕೋ ತಿಳಿಯದೆ, ಪೇಟೆಯಿಂದ ಏನಾದರೂ ತರಲಾ ಎಂದು ಕೇಳಿದ. ತೆಂಗಿನಕಾಯಿ ತುರಿದು ಕೊಟ್ಟರೆ ಸಾಕು ಎಂದಳು. ತುರಿದ. ಊಟಕ್ಕೆ ಕೂತಾಗ ಪಲ್ಯದಲ್ಲಿ ಕಾಯಿಯೇ ಹೆಚ್ಚಾಗಿತ್ತು. ಮೂವರೂ ತಿಂದು ಮುಗಿಸಿದರು.

ಊಟವಾದ ಮೇಲೆ ಮಲಗಿದವನಿಗೆ ಎಚ್ಚರವಾದದ್ದು ಡೋಲಿನ ಸದ್ದಿಗೆ. ಹಾಲ್‌ನಲ್ಲಿ ಪಂಚಮಿ ಒಬ್ಬಳೇ ಕೂತು ತನ್ನ ಸ್ಕೂಲ್ ಡೇ ಸಿ.ಡಿ. ನೋಡುತ್ತಿದ್ದಳು. ಐದನೆಯ ತರಗತಿಯವಳು, ಬಣ್ಣ, ಹುಬ್ಬು, ನಗುವಾಗ ಕಣ್ಣು ಸಣ್ಣಗಾಗುವುದು ಎಲ್ಲ ಅಮ್ಮನದೇ. ಬಾಗಿಲಿನ ಪರದೆಯ ಹಿಂದೆ ನಿಂತು ಅವನು ಆಕಳಿಸುತ್ತ ನೋಡಿದ. ವೇದಿಕೆಯ ಮೇಲೆ ಹುಡುಗಿಯರು ಸಾಲಾಗಿ ಬಂದರು, ತಲೆಯ ಮೇಲೆ ಬಿದಿರು ಬುಟ್ಟಿ, ಕೆನ್ನೆಗೆ ಗುಲಾಬಿ. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೂ ನಿಧಾನವಾಗಿ ಸರಿಯಿತು. ಎರಡನೆಯವಳು, ಮೂರನೆಯವಳು. ಪಂಚಮಿ ರಿಮೋಟನ್ನು ಎತ್ತಿ ಹಿಡಿದಳು. ಅವಳದೇ ಮುಖ ಬಂದ ಕೂಡಲೇ ಪರದೆಯ ಕೆಳಗೆ ಹಸಿರು ಪಟ್ಟಿ ಕಾಣಿಸಿಕೊಂಡು ಉದ್ದವಾಯಿತು. ಮುಖ ಬೆಳ್ಳಗಾಯಿತು. ಪಕ್ಕದ ಹುಡುಗಿ ಬರುತ್ತಲೂ ಪಟ್ಟಿ ಮತ್ತೆ ಮೊದಲಿನ ಜಾಗಕ್ಕೆ ಇಳಿಯಿತು. ಪಂಚಮಿಯ ಮುಖದಲ್ಲಿ ದುಃಖವಾಗಲಿ ಅಸಮಾಧಾನವಾಗಲಿ ಇರಲಿಲ್ಲ. ಬಾಗಿದ ಕ್ಯಾಲೆಂಡರನ್ನು ನೆಟ್ಟಗೆ ಮಾಡುವಾಗ ಇರುವಂಥ ಗಮನ ಅಷ್ಟೇ ಇತ್ತು. ನೃತ್ಯದಲ್ಲಿ ಅವಳು ಮತ್ತೆ ಮುಂದಿನ ಸಾಲಿಗೆ ಬಂದಾಗ ಪಟ್ಟಿ ಮತ್ತೆ ಬೆಳೆಯಿತು. ರಮಾಕಾಂತ ಹಿಂದೆ ಸರಿದು ಹೋಗಿ ಹಾಸಿಗೆಯ ಮೇಲೆ ಕೂತ. ಬೆಳಗಿನಿಂದ ಅವನು ಹೊತ್ತು ತಿರುಗುತ್ತಿದ್ದದ್ದು, ಹೆಂಡತಿ ಕ್ಷಮಿಸಿದರೆ ಮುಗಿಯುವಂಥದು ಎಂದುಕೊಂಡಿದ್ದ. ಅದು ಆಗಲೇ ಮನೆಯಲ್ಲಿ ಓಡಾಡತೊಡಗಿತ್ತು. ಮೂವತ್ತು ಮಕ್ಕಳ ಮುಂದೆ ಪ್ರಿಸಂ ಹಿಡಿದು, ಯಾವ ಬಣ್ಣವೂ ಹೆಚ್ಚಲ್ಲ ಕಮ್ಮಿಯಲ್ಲ ಎಲ್ಲ ಒಂದೇ ಬೆಳಕು ಎಂದು ವರ್ಷ ವರ್ಷ ಹೇಳುತ್ತಿದ್ದ. ಮನೆಯ ಮಗು ಕಲಿತದ್ದು ಅದನ್ನಲ್ಲ.

ಸಂಜೆ ಇಬ್ಬನಿ ಬೀಳುವ ಮೊದಲು ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಇಬ್ಬರೂ ಎದುರುಬದುರು ನಿಂತು ಎಳೆದರು. ಹಣ್ಣು ಒಣಗಿ ಗಲಗಲ ಸದ್ದು ಮಾಡುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಮೂಡಿಗೆರೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು.

“ನಿನ್ನೆ ನಾನು ಟಿ.ವಿ.ದು...” ಎಂದು ಶುರುಮಾಡಿದ.

“ಗೊತ್ತು,” ಎಂದಳು, ಎಳೆಯುವುದನ್ನು ನಿಲ್ಲಿಸದೆ. “ನೀವು ಬೇಕು ಅಂತ ಮಾಡಿದ್ದಲ್ಲ, ಅದೂ ಗೊತ್ತು. ಬೇಕು ಅಂತ ಮಾಡಿದ್ರೆ ಜಗಳ ಆಡ್ಬಹುದಿತ್ತು.”

ಅವಳೇ ಮಾತು ಮುಂದುವರಿಸಿದಳು, ಕೆಲಸದ ಉಸಿರಿನ ನಡುವೆ ತುಂಡು ತುಂಡಾಗಿ, ಬೇರೆ ಯಾರದೋ ಮದುವೆಯ ಸುದ್ದಿ ಹೇಳುವವಳ ಹಾಗೆ. ಮುಹೂರ್ತದ ಹೊತ್ತಿಗೆ ವಿಡಿಯೋದವನು ಬಂದು, ಹುಡುಗಿಯ ಮುಖ ಬರುತ್ತಿಲ್ಲ, ಹತ್ತಿರ ಹಿಡಿ ಎಂದು ದೀಪ ಹಿಡಿದವನಿಗೆ ಹೇಳಿದನಂತೆ. ಒಲೆಯ ಹತ್ತಿರ ಮುಖ ಒಡ್ಡಿದಷ್ಟು ಸೆಖೆ. ಕಣ್ಣು ಬಿಟ್ಟರೆ ನೀರು ಬರುತ್ತಿತ್ತು, ನೀರು ಬಂದರೆ ಪೌಡರು ಹೋಗುತ್ತದೆಂದು ಅತ್ತಿಗೆ ಹಿಂದಿನಿಂದ ಚಿವುಟುತ್ತಿದ್ದಳು. ಅದಕ್ಕೇ ಅವಳು ತಲೆ ತಗ್ಗಿಸಿ ನಿಂತದ್ದು. ನಿಮ್ಮ ಕಡೆಯವರು ಹುಡುಗಿಗೆ ಎಷ್ಟು ನಾಚಿಕೆ ಎಂದು ಮೆಚ್ಚಿಕೊಂಡರಂತೆ, ಆಮೇಲೆ ಯಾರೋ ಹೇಳಿದರು ಎಂದಳು. ಅವನು ಆ ತಗ್ಗಿಸಿದ ತಲೆಯನ್ನು ಎಷ್ಟು ಸಲ ನೋಡಿದ್ದ, ಎಷ್ಟು ಪ್ರೀತಿಯಿಂದ ನೋಡಿದ್ದ. ಗುಡ್ಡೆಯ ಮೇಲೆ ಟಾರ್ಪಾಲು ಎಳೆದು ಅಂಚಿಗೆ ಕಲ್ಲು ಇಡುತ್ತ, ಹೇಳದೆ ಇದ್ದುಬಿಡಬಹುದು ಎಂದು ಅವನಿಗೆ ಒಮ್ಮೆ ಅನ್ನಿಸಿತು. ಆದರೆ ಮಧ್ಯಾಹ್ನ ಬಾಗಿಲಿನ ಪರದೆಯ ಸಂದಿಯಲ್ಲಿ ಕಂಡದ್ದನ್ನು ಹೇಳಿದ.

ಅವಳ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ನಿಂತಿತು.

“ಅವಳ ಮುಖ ಬಂದಾಗ ಮಾತ್ರನಾ?”

“ಹೂಂ. ಬೇರೆಯವ್ರು ಬಂದಾಗ ವಾಪಸ್ ಇಳಿಸ್ತಿದ್ಲು.”

ಅವಳು ಕಣದ ಕಟ್ಟೆಯ ಮೇಲೆ ಕೂತಳು. ಅವನೂ ಸ್ವಲ್ಪ ದೂರ ಬಿಟ್ಟು ಕೂತ. ನಿನ್ನೆಯಿಂದ ಅವನು ಕಾಯುತ್ತಿದ್ದ ನೋವು ಈಗ ಅವಳ ಮುಖಕ್ಕೆ ಬಂದಿತ್ತು, ಆದರೆ ಅವನ ಕಡೆಗೆ ತಿರುಗಿರಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. “ನಂಗೆ ಅಭ್ಯಾಸ ಆಗಿದೆ. ಅವಳಿಗೆ ಆಗ್ಬಾರ್ದು,” ಎಂದಳು. ಅಭ್ಯಾಸ ಎಂಬ ಆ ಮಾತಿನಲ್ಲಿ ಅವನ ಅಮ್ಮ, ಚಿಕ್ಕಮ್ಮ, ಜೀಪು, ಪರವಾಗಿಲ್ಲ ಎಲ್ಲವೂ ಇದ್ದವು. ಜೀಪಿನಲ್ಲಿ ಆವತ್ತು ಹೇಳಬೇಕಾಗಿದ್ದದ್ದನ್ನು ಈಗ ಹೇಳಿದರೆ ಹೇಗೆ ಎಂದು ಅವನು ಬಾಯಿ ತೆರೆದ. ಆ ಕರು, ತಟ್ಟೆ, ತುಟಿಯ ಮೇಲಿನ ಬೆವರು. ಮಾತುಗಳು ಒಂದರ ಮೇಲೊಂದು ಬಂದು, “ಆವತ್ತು ಕರು ಹಿಡಿದ್ಯಲ್ಲ, ಆಗ್ಲೇ ನಂಗೆ...” ಎಂದು ಅಲ್ಲಿಗೇ ನಿಂತವು. ಅವಳು ತಿರುಗಿ ನೋಡಿದಳು. ಯಾವ ಕರು ಎಂದು ಕೇಳಲಿಲ್ಲ. “ಗೊತ್ತಿತ್ತು,” ಎಂದಳು. “ನೀವು ಉಪ್ಪಿಟ್ಟಿನ ಚಮಚೆ ತಿರುವುಮುರುವು ಹಿಡ್ಕೊಂಡಿದ್ರಿ.” ಆಮೇಲೆ ಎದ್ದು, ಸೆರಗಿನ ದೂಳು ಕೊಡವಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.

ಹಾಲ್‌ನಲ್ಲಿ ಅವಳು ದೀಪ ಹಾಕಿ ಟಿ.ವಿ.ಯ ಮುಂದೆ ಚಾಪೆಯ ಮೇಲೆ ಕೂತದ್ದನ್ನು ಕಂಡು ಪಂಚಮಿಗೆ ಆಶ್ಚರ್ಯವಾಯಿತು. ಅಡುಗೆಯ ಹೊತ್ತಿನಲ್ಲಿ ಅಮ್ಮ ಕೂರುವವಳಲ್ಲ. ನಿನ್ನೆ ಅರ್ಧಕ್ಕೆ ನಿಂತ ಮದುವೆಯನ್ನು ಹಾಕು ಎಂದಳು. ಅಂತರಪಟ ಸರಿದಲ್ಲಿಗೆ ಬಂದಾಗ ನಿಲ್ಲಿಸಲು ಹೇಳಿದಳು. ಬೆಳಗಿನ ರೀಸೆಟ್ಟಿನ ಅಬ್ಬರದಲ್ಲಿ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು, ಸೀರೆ ಕಣ್ಣಿಗೆ ಹೊಡೆಯುವ ಗುಲಾಬಿ. ರಮಾಕಾಂತ ಬಾಗಿಲಲ್ಲೇ ನಿಂತಿದ್ದ. ಅವಳು ಅವನನ್ನೂ ಕರೆದು ಕೂರಿಸಿದಳು.

“ಅಪ್ಪಂಗೆ ಪಿಕ್ಚರ್ ಸರಿ ಮಾಡೋಕೆ ಬರಲ್ಲ,” ಎಂದಳು ಮಗಳಿಗೆ. “ನೀನು ಮಾಡು. ನನ್ನ ಹಾಗೆ ಬರ್ಬೇಕು.”

“ಚಂದ ಬರ್ಬೇಕಾ, ನಿನ್ನ ಹಾಗೆ ಬರ್ಬೇಕಾ?” ಎಂದಳು ಪಂಚಮಿ. ಕುಚೋದ್ಯವಲ್ಲ; ಕೆಲಸ ಶುರುಮಾಡುವ ಮೊದಲು ಏನು ಬೇಕೆಂದು ತಿಳಿದುಕೊಳ್ಳುವ ಪ್ರಶ್ನೆ. ರಮಾಕಾಂತ ಚಾಪೆಯ ಅಂಚನ್ನು ಕೀಳುತ್ತ ಕೂತ. ತ್ರಿಪುರಸುಂದರಿ ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ಹೋಗಿ, ತೊಳೆದು ಇನ್ನೂ ತೇವವಿದ್ದ ಕೈಯನ್ನು ಸೆರಗಿಗೆ ಒರೆಸಿ, ಪರದೆಯ ಮೇಲಿನ ತನ್ನ ಕೆನ್ನೆಯ ಪಕ್ಕದಲ್ಲಿ ಹಿಡಿದಳು.

“ಈ ಕೈಗೂ ಆ ಮುಖಕ್ಕೂ ಒಂದೇ ಬಣ್ಣ ಬರ್ಬೇಕು. ಅಷ್ಟೇ.”

ಪಂಚಮಿ ಕೆಲಸಕ್ಕೆ ಇಳಿದಳು. ಮೊದಲು ಬ್ರೈಟ್‌ನೆಸ್ ಇಳಿಸಿದಳು. ಮುಖ ಒಮ್ಮೆಲೇ ಹಸಿ ಮಣ್ಣಿನ ಹಾಗೆ ಕಪ್ಪಾಗಿ ಕಣ್ಣು ಮೂಗು ಮುಳುಗಿಹೋದವು. ಅಷ್ಟು ಕಪ್ಪಿಲ್ಲ ನಾನು ಎಂದು ತ್ರಿಪುರಸುಂದರಿ ನಕ್ಕಳು. ಸ್ವಲ್ಪ ಏರಿಸಿದಳು. ಕಾಂಟ್ರಾಸ್ಟ್ ತಗ್ಗಿಸಿದಾಗ ಹಣೆಯ ಮೇಲಿನ ದೀಪದ ಬಿಳುಪು ಕರಗಿತು. ಆದರೂ ಮುಖದಲ್ಲಿ ಬೂದಿ ಇತ್ತು, ಕೈಯಲ್ಲಿ ಇರಲಿಲ್ಲ. ಕೂಲ್, ನಾರ್ಮಲ್, ವಾರ್ಮ್ ಎಂದು ಮೂರು ಬಗೆಯ ಛಾಯೆಗಳಲ್ಲಿ ಮೂರನೆಯದನ್ನು ಹಾಕಿ ನೋಡು ಎಂದ ರಮಾಕಾಂತ, ಮೆಲ್ಲಗೆ. ಪಂಚಮಿ ಹಾಕಿದಳು. ಆಮೇಲೆ ಬಣ್ಣವನ್ನು ಒಂದೊಂದೇ ಗೆರೆ ಏರಿಸಿದಳು. ಇನ್ನೂ ಸ್ವಲ್ಪ ಎಂದಳು ತಾಯಿ. ಇನ್ನೊಂಚೂರು. ಸಾಕು. ಪರದೆಯ ಕೆನ್ನೆ ಬೆಚ್ಚಗಾಗಿ, ಕಂದಾಗಿ, ಪೌಡರಿನ ಗೆರೆ ಮಸುಕಾಗಿ ಕತ್ತು ಮುಖ ಒಂದಾದವು. ಕೈ ಎಲ್ಲಿ ಮುಗಿದು ಮುಖ ಎಲ್ಲಿ ಶುರುವಾಗುತ್ತದೆಂದು ಒಂದು ಕ್ಷಣ ಗೊತ್ತಾಗಲಿಲ್ಲ. ಸೀರೆಯೂ ಬದಲಾಗಿತ್ತು. “ಹಿಂಗೇ ಇದ್ದದ್ದು ನನ್ನ ಸೀರೆ. ಅರಗಿನ ಬಣ್ಣ,” ಎಂದು ತ್ರಿಪುರಸುಂದರಿ ಅದನ್ನು ಬೆರಳಿಂದ ಮುಟ್ಟಿದಳು. “ನನ್ನ ಅಪ್ಪ ಶಿವಮೊಗ್ಗಕ್ಕೆ ಹೋಗಿ ತಂದಿದ್ರು. ಇಷ್ಟು ವರ್ಷ ಬೂದಿ ಬೂದಿ ಕಾಣ್ತಿತ್ತು.”

“ಆದ್ರೆ ಅಪ್ಪ ಕೆಟ್ಟುಹೋದ,” ಎಂದಳು ಪಂಚಮಿ.

ನಿಜ. ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ ಬೆಳ್ಳನೆಯ ಮದುಮಗ ಕಿವಿಯಿಂದ ಕುತ್ತಿಗೆಯ ತನಕ ಕೆಂಪೇರಿ, ಯಾರೋ ಎಲ್ಲರೆದುರು ಬೈದು ನಿಲ್ಲಿಸಿದವನ ಹಾಗಿದ್ದ. ಪಂಚಮಿ ಬಣ್ಣ ತಗ್ಗಿಸಿ ನೋಡಿದಳು. ಅವನು ಸರಿಯಾದ, ಅಮ್ಮ ಬೂದಿಯಾದಳು. ಏರಿಸಿದಳು, ಅಮ್ಮ ಬಂದಳು, ಅಪ್ಪ ಕೆಂಪಾದ. ಎರಡು ಮೂರು ಸಲ ಹಾಗೆ ಮಾಡಿ ಸೋತು, ಇಬ್ಬರೂ ಒಟ್ಟಿಗೆ ಸರಿ ಬರುವುದಿಲ್ಲ, ಯಾರನ್ನು ಇಟ್ಟುಕೊಳ್ಳುವುದು ಎಂದು ಕೇಳಿದಳು.

“ಅಮ್ಮನ್ನ ಇಟ್ಕೋ,” ಎಂದ ರಮಾಕಾಂತ. ತನ್ನ ಧ್ವನಿ ತನಗೇ ಗಟ್ಟಿಯಾಗಿ ಕೇಳಿಸಿತು. “ಆವತ್ತು ನಾನು ಅವಳನ್ನೇ ನೋಡಿದ್ದು. ಅವಳು ಹಿಂಗೇ ಇದ್ಲು. ನಾನು ಹೆಂಗಾದ್ರೂ ಇರ್ಲಿ.”

ತ್ರಿಪುರಸುಂದರಿ ಪರದೆಯಿಂದ ಕೈ ತೆಗೆದಳು. ಅವನ ಕಡೆ ನೋಡಲಿಲ್ಲ. ಚಾಪೆಗೆ ಹಿಂದಿರುಗಿ, ಮೊದಲು ಕೂತಿದ್ದಲ್ಲಿ ಕೂರದೆ ಅವನ ಪಕ್ಕದಲ್ಲಿ ಕೂತಳು. ಕೆಂಪಾದ್ರೆ ಎಂತ, ಈಗ ಮದುವೆ ಆಗ್ತಿರೋ ಗಂಡಿನ ಹಾಗೆ ಕಾಣ್ತಾರೆ ಎಂದು ಮಗಳಿಗೆ ಹೇಳಿದಳು. ಪಂಚಮಿ ಸ್ವಲ್ಪ ಹೊತ್ತು ರಿಮೋಟನ್ನೇ ನೋಡಿ, ನನ್ನ ಡ್ಯಾನ್ಸಿಗೂ ಇದೇ ಇರಬೇಕಾ ಎಂದು ಕೇಳಿದಳು. ನಿಂಗೆ ಹೆಂಗೆ ಬೇಕು ಎಂದಳು ತಾಯಿ. ಪಂಚಮಿ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಮೆನು ಮುಚ್ಚಿದಳು, ಬದಲಾಯಿಸದೆ.

ಮದುವೆ ಮುಂದುವರಿಯಿತು. ಧಾರೆಯಾಯಿತು, ಕೆಂಪು ಮುಖದ ಮದುಮಗ ತಾಳಿ ಕಟ್ಟಲು ಬಾಗಿ ಗಂಟಿನಲ್ಲಿ ತಡವರಿಸಿದ. ಕೆಂಪು ಮುಖದ ಚಿಕ್ಕಮ್ಮ ಹರಿವಾಣ ಹಿಡಿದು ಅಡ್ಡ ಬಂದಳು. ಪಂಚಮಿ ಉರುಳಾಡಿ ನಕ್ಕಳು. ಸಪ್ತಪದಿಯ ನಂತರ ಮದುಮಕ್ಕಳನ್ನು ಅರುಂಧತಿ ನಕ್ಷತ್ರ ತೋರಿಸಲು ಚಪ್ಪರದಿಂದ ಹೊರಗೆ ಕರೆತಂದರು. ಈ ಭಾಗವನ್ನು ಅವರು ಯಾವಾಗಲೂ ಓಡಿಸಿಬಿಡುತ್ತಿದ್ದರು. ಅಂಗಳದ ಬಿಸಿಲಿನಲ್ಲಿ ತೆಗೆದದ್ದು, ಪರದೆ ತುಂಬ ಬರೀ ಬಿಳುಪು, ಅದರಲ್ಲಿ ಎರಡು ನೆರಳು. ಈಗ ಅಂಗಳ ಬಂತು, ಹಲಸಿನ ಮರ ಬಂತು, ಮರದ ಕೆಳಗೆ ಸಾಲಾಗಿ ಬಿಟ್ಟ ಚಪ್ಪಲಿಗಳು ಬಂದವು. ಪುರೋಹಿತರು ಆಕಾಶಕ್ಕೆ ಬೆರಳು ತೋರಿಸಿದರು. ದೀಪವಿಲ್ಲ, ಹಿಂದೆ ಚಿವುಟುವವರಿಲ್ಲ. ಅರಗಿನ ಬಣ್ಣದ ಸೀರೆಯ ಹುಡುಗಿ ಮುಖವೆತ್ತಿ ಮಧ್ಯಾಹ್ನದ ಆಕಾಶವನ್ನು ಹುಡುಕಿದಳು. ಬಿಸಿಲು ಅವಳ ಕೆನ್ನೆಯ ಮೇಲೆ, ಗಲ್ಲದ ಮೇಲೆ, ಹುಬ್ಬಿನ ಮೂಳೆಯ ಮೇಲೆ ಕೂತಿತ್ತು. ರಮಾಕಾಂತ ಉಸಿರು ಹಿಡಿದು ನೋಡಿದ. ಪರದೆಯಲ್ಲಿ ಅವಳು ಪಕ್ಕಕ್ಕೆ ತಿರುಗಿ ಮದುಮಗನಿಗೆ ಏನೋ ಹೇಳಿದಳು. ಅವನೂ ತಲೆ ಬಗ್ಗಿಸಿ ಏನೋ ಹೇಳಿದ. ವಿಡಿಯೋದವನು ಅಲ್ಲೆಲ್ಲ ನಾದಸ್ವರ ತುಂಬಿಸಿದ್ದರಿಂದ ಮಾತು ಕೇಳಲಿಲ್ಲ.

“ನೀನು ಆಗ ಎಂತ ಹೇಳಿದ್ದು?” ಎಂದ.

“ನೆನಪಿಲ್ವಾ? ಕಾಣ್ತಾ ಇಲ್ಲ ಅಂದೆ.”

“ನಾನೆಂತ ಅಂದೆ?”

“ನಂಗೂ ಕಾಣ್ತಿಲ್ಲ, ಕಂಡ್ತು ಅಂತ ಹೇಳು, ಹೊಟ್ಟೆ ಹಸೀತಿದೆ ಅಂದ್ರಿ.”

ಪಂಚಮಿ ಇಬ್ಬರ ಮುಖವನ್ನೂ ನೋಡಿ, ಹೇಳಿದೆಯಾ ಅಮ್ಮ ಎಂದು ಕೇಳಿದಳು. ಪರದೆಯ ಹುಡುಗಿ ಅಷ್ಟರಲ್ಲಿ ಪುರೋಹಿತರ ಕಡೆಗೆ ತಿರುಗಿ, ಕಂಡಿತು ಎಂಬಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ತುಟಿಯ ಕೊನೆಯಲ್ಲಿ ನಗು ಹೊರಡಲು ಕಾಯುತ್ತಿತ್ತು.

“ಹೇಳಿದೆ,” ಎಂದಳು ತ್ರಿಪುರಸುಂದರಿ. “ಪಾಪ, ಹಸಿದಿದ್ರು.”